ವಿಜ್ಞಾನದ ಪಾಠಕ್ಕೂ ಬರವಣಿಗೆ: ಮಾಟುಂಗದ ನಾಲ್ಕು ಶನಿವಾರಗಳು

ಮುಂಬಯಿಯ ಘಾಟ್ಕೋಪರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ, ಗಣಿತ ಹೇಳಿಕೊಡುತ್ತಿದ್ದೇನೆ. ಬರೆಯಲು ಕಲಿಸುವುದು ಕನ್ನಡ ಶಿಕ್ಷಕರ ಪಾಲಿನ ಕೆಲಸವೆಂದೇ ತಿಳಿದಿದ್ದೆ. ನಾನು ಹಲಗೆಯ ಮೇಲೆ ಉತ್ತರ ಬರೆಯುತ್ತಿದ್ದೆ, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಮಾಟುಂಗದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನಡೆಸುವ ‘ಎಲ್ಲ ವಿಷಯಗಳಲ್ಲೂ ಬರವಣಿಗೆ’ ಶಿಬಿರಕ್ಕೆ 1,200 ರೂಪಾಯಿ ಕಟ್ಟಿ ಸೇರಿದ ಮೇಲೆ ಆ ರೂಢಿ ಮುರಿಯಿತು.

ಮೊದಲ ದಿನವೇ ಐದು ನಿಮಿಷ ಕೊಟ್ಟು, ಮಳೆಗಾಲದಲ್ಲಿ ಮುಂಬಯಿಯ ಬಟ್ಟೆ ಏಕೆ ಒಣಗುವುದಿಲ್ಲ ಎಂದು ಪಠ್ಯಪುಸ್ತಕದ ಪದಗಳಿಲ್ಲದೆ ಬರೆಯಿರಿ ಎಂದರು. ಮೂರನೆಯ ಸಾಲಿಗೆ ನನ್ನ ಪೆನ್ನು ನಿಂತಿತು. ಸೋಮವಾರ ಅದನ್ನೇ ಏಳನೆಯ ತರಗತಿಗೆ ಕೊಟ್ಟೆ. ‘ಗಾಳಿಯಲ್ಲಿ ಆಗಲೇ ನೀರು ತುಂಬಿದೆ, ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ಫ್ಯಾನ್ ಹಾಕಿದರೆ ಬೇರೆ ಗಾಳಿ ಬರುತ್ತದೆ’ ಎಂದು ಬರೆದವಳು, ಪರೀಕ್ಷೆಯಲ್ಲಿ ಎಂದೂ ಮುಂದೆ ಬರದ ಹುಡುಗಿ. ಆವಿಯಾಗುವಿಕೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗ ‘ಬಿಸಿಲು ನೀರನ್ನು ಕುಡಿದು ಇಲ್ಲದಂತೆ ಮಾಡುತ್ತದೆ’ ಎಂದಿದ್ದ. ಅವನಿಗೆ ಇಷ್ಟು ದಿನ ಹತ್ತಕ್ಕೆ ಹತ್ತು ಕೊಟ್ಟವಳು ನಾನೇ. ಆ ಸಾಲು ಓದಿ ಮನಸ್ಸಿಗೆ ನಿಜಕ್ಕೂ ನೋವಾಯಿತು.

ಈ ವಿಚಾರ ಹೊಸದಲ್ಲ. ಭಾಷೆಯ ಹೊಣೆ ಎಲ್ಲ ವಿಷಯಗಳ ಶಿಕ್ಷಕರದೂ ಹೌದೆಂದು ಇಂಗ್ಲೆಂಡಿನ ಶಾಲೆಗಳ ಭಾಷಾ ಕಲಿಕೆಯನ್ನು ಪರಿಶೀಲಿಸಿದ ಬುಲಕ್ ಸಮಿತಿಯ ವರದಿ 1975ರಲ್ಲೇ ಹೇಳಿತ್ತು. ಶಿಬಿರದಲ್ಲಿ ಇದಕ್ಕೆ ಹತ್ತು ನಿಮಿಷ ಮಾತ್ರ ಕೊಟ್ಟರು, ಅಷ್ಟೇ ಸಾಕಿತ್ತು.

ಗಣಿತದ ದಿನ ಎಲ್ಲಕ್ಕಿಂತ ಚೆನ್ನಾಗಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅದನ್ನು ಅಜ್ಜಿಗೆ ಅರ್ಥವಾಗುವಂತೆ ಬರೆಯಬೇಕಿತ್ತು. ಒಂದು ಚದರ ಮೀಟರ್ ತಾರಸಿಯ ಮೇಲೆ 944 ಲೀಟರ್ ನೀರು! ನನ್ನ ತರಗತಿಯ ಒಬ್ಬ ಅದನ್ನು ಕೊಡಗಳಲ್ಲಿ ಎಣಿಸಿದ: ಹದಿನೈದು ಲೀಟರ್ ಹಿಡಿಯುವ ಕೊಡವಾದರೆ ಸುಮಾರು ಅರವತ್ತಮೂರು. ಅವರ ಚಾಳಿನಲ್ಲಿ ನೀರು ಬರುವುದು ಬೆಳಿಗ್ಗೆ ಒಂದೇ ಗಂಟೆ, ಕೊಡದ ಲೆಕ್ಕ ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಇತಿಹಾಸದ ದಿನ ಸಪ್ಪೆಯಾಗಿತ್ತು. ಪ್ರಬಂಧದ ವಿಷಯಗಳನ್ನು ಓದಿ ಹೇಳಿದ್ದಷ್ಟೇ. ಕೈಪಿಡಿ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಮಾತ್ರ ಇದೆ. ಕನ್ನಡ ಶಾಲೆಯವರು ರಾತ್ರಿ ಕುಳಿತು ಅನುವಾದಿಸಿಕೊಳ್ಳಬೇಕು. ಇದನ್ನು ಶಿಬಿರದ ಶಿಕ್ಷಕಿಗೂ ಹೇಳಿದ್ದೇನೆ. ನಲವತ್ತಾರು ಪುಸ್ತಕ ತಿದ್ದುವುದು ಹೇಗೆಂಬ ನನ್ನ ಆತಂಕಕ್ಕೆ ಮಾತ್ರ ಒಳ್ಳೆಯ ದಾರಿ ತೋರಿಸಿದರು: ಐದು ನಿಮಿಷದ ಬರಹದಲ್ಲಿ ಕಾಗುಣಿತ ಮುಟ್ಟಬೇಡಿ, ಅರ್ಥ ತಪ್ಪಿದ ಒಂದು ಸಾಲಿಗೆ ಗೆರೆ ಎಳೆದು ‘ಹೇಗೆ?’ ಎಂದು ಕೇಳಿ.

ಆ ಹುಡುಗನ ‘ಬಿಸಿಲು ನೀರನ್ನು ಕುಡಿದು’ ಸಾಲಿನ ಕೆಳಗೆ ಹಾಗೆಯೇ ಗೆರೆ ಎಳೆದೆ. ಮರುದಿನ ಅವನು ಬಿಸಿ ಚಹಾದ ಲೋಟದ ಮೇಲೆ ತಟ್ಟೆ ಮುಚ್ಚಿ ನೋಡಿ, ತಟ್ಟೆಯಡಿಯ ಹನಿಗಳ ಬಗ್ಗೆ ಅರ್ಧ ಪುಟ ಬರೆದು ತಂದಿದ್ದ.