ಅಳತೆ ಖಚಿತ, ಹೆಸರು ಅನುಮಾನ: ಒಂದು ಹರಳು ಪರೀಕ್ಷಾ ಸೇವೆಯ ವಿಮರ್ಶೆ

ಮಡಿಕೇರಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಸಂಶೋಧನೆಯನ್ನೂ ಮುಂದುವರಿಸಿರುವ ನಾನು, ಕಳೆದ ಮಳೆಗಾಲದಲ್ಲಿ ಪೊಟ್ಯಾಸಿಯಂ ನಯೋಬಿಯಂ ಆಕ್ಸಿಫ್ಲೋರೈಡಿನ ಹರಳುಗಳನ್ನು ಬೆಂಗಳೂರಿನ ಖಾಸಗಿ ಪರೀಕ್ಷಾ ಕೇಂದ್ರವೊಂದಕ್ಕೆ ಕಳುಹಿಸಿ ಎಕ್ಸ್‌ರೇ ವಿವರ್ತನೆಯ (ಹರಳಿನಲ್ಲಿ ಎಕ್ಸ್‌ರೇ ಚದುರುವ ರೀತಿಯಿಂದ ಪರಮಾಣುಗಳ ಜಾಗ ಪತ್ತೆಹಚ್ಚುವ ವಿಧಾನ) ವರದಿ ತರಿಸಿಕೊಂಡೆ. ಒಂಬತ್ತನೆಯ ದಿನಕ್ಕೆ ವರದಿ ಬಂತು. ಹರಳನ್ನು 100 ಕೆಲ್ವಿನ್‌ಗೆ ತಂಪುಗೊಳಿಸಿ ಅಳೆದಿದ್ದರು, ಪ್ರತಿ ಬಂಧದ ಉದ್ದದ ಜೊತೆ ಅನಿಶ್ಚಿತತೆಯನ್ನೂ ನಮೂದಿಸಿದ್ದರು. ಅಳತೆಯ ಮಟ್ಟಿಗೆ ನನ್ನದು ಯಾವ ತಕರಾರೂ ಇಲ್ಲ.

ತಕರಾರು ಇರುವುದು ಪರಮಾಣುಗಳಿಗೆ ಕೊಟ್ಟ ಹೆಸರುಗಳ ಬಗ್ಗೆ. ನಯೋಬಿಯಂ ಸುತ್ತಲಿನ ಆರು ಲಿಗ್ಯಾಂಡ್‌ಗಳಲ್ಲಿ (ಲೋಹಕ್ಕೆ ಬಂಧಗೊಂಡ ಅಯಾನುಗಳಲ್ಲಿ) ಒಂದು 1.75 ಆಂಗ್‌ಸ್ಟ್ರಾಮ್ ದೂರದಲ್ಲಿದೆ, ನಾಲ್ಕು ಸುಮಾರು 1.94ರಲ್ಲಿವೆ, ಮೊದಲನೆಯದಕ್ಕೆ ನೇರ ಎದುರಿನದು 2.10ರಲ್ಲಿದೆ. ವರದಿಯು ಅತಿ ಹತ್ತಿರದ್ದನ್ನು ಫ್ಲೋರೈಡ್ ಎಂದೂ ಅತಿ ದೂರದ್ದನ್ನು ಆಕ್ಸೈಡ್ ಎಂದೂ ಗುರುತಿಸಿತ್ತು. ಅದು ತಲೆಕೆಳಗು.

ಇಂಥ ತಪ್ಪು ಏಕಾಗುತ್ತದೆಂಬುದು ಊಹಿಸಲು ಕಷ್ಟವಲ್ಲ. ಎಕ್ಸ್‌ರೇ ಚದುರುವುದು ಎಲೆಕ್ಟ್ರಾನ್‌ಗಳಿಂದ, ಮತ್ತು ಆಕ್ಸೈಡ್, ಫ್ಲೋರೈಡ್ ಅಯಾನುಗಳೆರಡರಲ್ಲೂ ಇರುವುದು ಹತ್ತೇ ಎಲೆಕ್ಟ್ರಾನ್. ನಾನೇ ಎರಡು ಹೆಸರುಗಳನ್ನು ಅದಲುಬದಲು ಮಾಡಿ ಲೆಕ್ಕ ಹಾಕಿದಾಗ ಆರ್ ಮೌಲ್ಯ (ಲೆಕ್ಕಕ್ಕೂ ಅಳತೆಗೂ ಇರುವ ಅಂತರದ ಸೂಚಕ) ಶೇಕಡಾ 2.31ರಿಂದ 2.29ಕ್ಕೆ ಇಳಿಯಿತು, ಅಷ್ಟೆ. ಟ್ರಾಂಬೆಯ ಧ್ರುವ ರಿಯಾಕ್ಟರಿನವರೆಗೆ ಹೋಗಿ ನ್ಯೂಟ್ರಾನ್ ವಿವರ್ತನೆ ಮಾಡಿಸಿದರೂ ದೊಡ್ಡ ಲಾಭವಿಲ್ಲ, ಏಕೆಂದರೆ ಚದುರುವಿಕೆಯ ಉದ್ದ (ಪರಮಾಣು ಬೀಜ ನ್ಯೂಟ್ರಾನನ್ನು ಎಷ್ಟು ಚದುರಿಸುತ್ತದೆಂಬುದರ ಅಳತೆ) ಆಮ್ಲಜನಕಕ್ಕೆ 5.80 ಫೆಮ್ಟೊಮೀಟರ್, ಫ್ಲೋರಿನ್‌ಗೆ 5.65.

ಆದರೆ ಅದೇ ವರದಿಯ ಅಂಕಿಗಳೇ ಉತ್ತರವನ್ನೂ ಹೇಳುತ್ತವೆ. ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ 1929ರಲ್ಲಿ ಮಂಡಿಸಿದ ನಿಯಮದಿಂದ ಬೆಳೆದುಬಂದ ಬಂಧ-ವೇಲೆನ್ಸಿ ಲೆಕ್ಕದ (ಬಂಧ ಗಿಡ್ಡವಾದಷ್ಟೂ ಅದರ ವೇಲೆನ್ಸಿ, ಅಂದರೆ ಬಲ, ಹೆಚ್ಚು ಎನ್ನುವ ಲೆಕ್ಕ) ಪ್ರಕಾರ, ಸುತ್ತಲಿನ ಲೋಹಗಳಿಂದ ಫ್ಲೋರೈಡಿಗೆ ಒಟ್ಟು 1ರಷ್ಟು, ಆಕ್ಸೈಡಿಗೆ 2ರಷ್ಟು ವೇಲೆನ್ಸಿ ಸಿಗಬೇಕು. 1.75ರಲ್ಲಿರುವುದನ್ನು ಫ್ಲೋರೈಡ್ ಎಂದುಕೊಂಡರೆ ಆ ಒಂದೇ ಬಂಧದಿಂದ ಸುಮಾರು 1.4 ಬಂದು ಮಿತಿ ಮೀರುತ್ತದೆ, 2.10ರಲ್ಲಿರುವುದನ್ನು ಆಕ್ಸೈಡ್ ಎಂದುಕೊಂಡರೆ ಸಿಗುವುದು ಸುಮಾರು 0.6 ಮಾತ್ರ, ಉಳಿದ 1.4ನ್ನು ದುರ್ಬಲ ಪೊಟ್ಯಾಸಿಯಂ ಬಂಧಗಳು ತುಂಬಿಕೊಡಲಾರವು. ಹತ್ತು ನಿಮಿಷದ ಈ ಲೆಕ್ಕವನ್ನು, ಇಷ್ಟು ಶುಲ್ಕ ಪಡೆಯುವ ಕೇಂದ್ರ ಮಾಡಿರಲಿಲ್ಲ.

ಫೋನ್ ಮಾಡಿದಾಗ ಅಲ್ಲಿನ ವಿಶ್ಲೇಷಕರು ವಾದಕ್ಕಿಳಿಯದೆ, ಹೆಸರುಗಳನ್ನು ಸಾಫ್ಟ್‌ವೇರ್ ತಾನಾಗಿಯೇ ಹಚ್ಚಿತ್ತೆಂದು ಒಪ್ಪಿಕೊಂಡು ಎರಡೇ ದಿನದಲ್ಲಿ ತಿದ್ದಿದ ಕಡತ ಕಳುಹಿಸಿದರು. ಈ ಸೌಜನ್ಯವನ್ನು ಮೆಚ್ಚಲೇಬೇಕು. ಪ್ರತ್ಯೇಕ ಶುಲ್ಕ ತೆತ್ತು ಮಾಡಿಸಿದ ಘನಸ್ಥಿತಿಯ ಫ್ಲೋರಿನ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳ ಸಂಕೇತ ಅಳೆಯುವ ಪರೀಕ್ಷೆ) ಕೂಡ ಸಾರ್ಥಕವಾಯಿತು. ಫ್ಲೋರಿನ್-19 ನಿಸರ್ಗದಲ್ಲಿ ಶೇಕಡಾ 100ರಷ್ಟು ಇರುವುದರಿಂದ ಸಂಕೇತ ಪ್ರಬಲ (ಆಮ್ಲಜನಕ-17 ಸಿಗುವುದು ಶೇಕಡಾ 0.04ಕ್ಕಿಂತ ಕಡಿಮೆ). ನಯೋಬಿಯಂನಿಂದಾಗಿ ಶಿಖರಗಳು ಅಗಲಗೊಂಡಿದ್ದರೂ ಅವುಗಳ ವಿಸ್ತೀರ್ಣ ಹೆಚ್ಚುಕಡಿಮೆ 4:1ರ ಅನುಪಾತದಲ್ಲಿತ್ತು: ಸುತ್ತಲಿನ ನಾಲ್ಕು ಫ್ಲೋರೈಡ್, ಆಕ್ಸೈಡಿನ ಎದುರಿನ ಒಂದು.

ಕೊಡಗಿನವರಿಗೆ ಇನ್ನೊಂದು ತೊಡಕಿದೆ. ಜೂನ್ ಕಳೆಯುವಷ್ಟರಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಗಾಳಿಯಲ್ಲಿ ಫ್ಲೋರೈಡಿನ ಜಾಗಕ್ಕೆ ಹೈಡ್ರಾಕ್ಸೈಡ್ ನುಸುಳಬಹುದು. ಅದರಲ್ಲೂ ಹತ್ತೇ ಎಲೆಕ್ಟ್ರಾನ್. ಲೋಹಗಳಿಂದ ಅದಕ್ಕೂ ಬೇಕಾದದ್ದು 1ರಷ್ಟೇ ವೇಲೆನ್ಸಿ, ಏಕೆಂದರೆ ಉಳಿದದ್ದನ್ನು ಹೈಡ್ರೋಜನ್ ಕೊಡುತ್ತದೆ. ಹಾಗಾಗಿ ಮೇಲಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ಪ್ರತಿ ಸೆಂಟಿಮೀಟರಿಗೆ 3,500 ಅಲೆಗಳ ಆಸುಪಾಸಿನಲ್ಲಿ ಹೈಡ್ರಾಕ್ಸೈಡನ್ನೂ 900ರ ಮೇಲೆ ನಯೋಬಿಯಂ-ಆಕ್ಸೈಡ್ ಜೋಡಿಬಂಧವನ್ನೂ ತೋರಿಸುವ ಅವಕೆಂಪು ರೋಹಿತವನ್ನು ಕೇಂದ್ರವು ತಾನಾಗಿ ಸೂಚಿಸಲಿಲ್ಲ, ನಾನೇ ಕೇಳಿ ಮಾಡಿಸಿದೆ.

ಈಗ ಎರಡನೆಯ ಮಾದರಿಯನ್ನೂ ಅದೇ ಕೇಂದ್ರಕ್ಕೆ ಕಳುಹಿಸಿದ್ದೇನೆ. ಈ ಸಲ ಹರಳುಗಳು ಬಾಯಿ ಬೆಸೆದ ಗಾಜಿನ ಕೊಳವೆಯಲ್ಲಿವೆ, ಮತ್ತು ಅರ್ಜಿಯ ಷರಾ ಕಾಲಂನಲ್ಲಿ, ಪ್ರತಿ ಲಿಗ್ಯಾಂಡಿನ ಬಂಧ-ವೇಲೆನ್ಸಿ ಮೊತ್ತವಿಲ್ಲದ ವರದಿಯನ್ನು ಸ್ವೀಕರಿಸುವುದಿಲ್ಲವೆಂದು ಬರೆದಿದ್ದೇನೆ.