ಮಲ್ಲೇಶ್ವರದ ಬಾಡಿಗೆ ಫ್ಲ್ಯಾಟ್: ಕರಾರಿನಲ್ಲಿ ಕಾಣದ ಬಾಡಿಗೆ

ಮಲ್ಲೇಶ್ವರದ ಹದಿನೈದನೇ ಕ್ರಾಸ್ ಆಸುಪಾಸಿನ ಹಳೆಯ ಕಟ್ಟಡವೊಂದರ ಟೂ ಬಿಎಚ್‌ಕೆ ಫ್ಲ್ಯಾಟಿನಲ್ಲಿ ಕೆಲವು ವರ್ಷಗಳಿಂದ ಬಾಡಿಗೆಗಿದ್ದೇನೆ. ಚದರಡಿ, ಗಾಳಿ, ಬೆಳಕುಗಳ ವಿವರ ಎಲ್ಲ ಜಾಹೀರಾತುಗಳಲ್ಲಿಯೂ ಇರುವುದರಿಂದ ನೇರವಾಗಿ ಮುಂಗಡದ ವಿಷಯಕ್ಕೇ ಬರುತ್ತೇನೆ.

ಬಾಡಿಗೆ 25,000 ರೂಪಾಯಿ. ಮುಂಗಡ ಅದರ ಹತ್ತು ಪಟ್ಟು. ಈ ಎರಡೂವರೆ ಲಕ್ಷ ಬ್ಯಾಂಕಿನಲ್ಲಿ ಶೇಕಡ 7ರ ಠೇವಣಿಯಾಗಿದ್ದರೆ ವರ್ಷಕ್ಕೆ 17,500 ರೂಪಾಯಿ ಬಡ್ಡಿ ಬರುತ್ತಿತ್ತು. ಎಂದರೆ ಕರಾರಿನಲ್ಲಿ ಎಲ್ಲಿಯೂ ನಮೂದಾಗದ ಇನ್ನೊಂದು ಬಾಡಿಗೆಯನ್ನು, ತಿಂಗಳಿಗೆ ಸುಮಾರು 1,450 ರೂಪಾಯಿಯಂತೆ, ನಾನು ತೆರುತ್ತಲೇ ಇದ್ದೇನೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯಗಳು ತಾವಾಗಿ ಅಂಗೀಕರಿಸದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಮನೆ ಬಿಡುವಾಗ ಗೋಡೆ ಹೇಗೇ ಇರಲಿ, ಬಣ್ಣದ ಖರ್ಚಿಗೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವ ಷರತ್ತೂ ಇದೆ. ಮೊಳೆಯೊಂದನ್ನೂ ಹೊಡೆಯದೆ ಸಂಸಾರ ಮಾಡುತ್ತಿರುವ ನನಗೆ ಇದಕ್ಕಿಂತ ಕಿರಿಕಿರಿಯ ಸಾಲು ಆ ಛಾಪಾ ಕಾಗದದಲ್ಲಿ ಮತ್ತೊಂದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಕರಾರು 11 ತಿಂಗಳದು. ನವೀಕರಿಸಿದಾಗಲೆಲ್ಲ ಬಾಡಿಗೆ ಶೇಕಡ 5ರಷ್ಟು ಏರುತ್ತದೆ.

ಇಷ್ಟಾದರೂ ಬೆಳಗಿನ ಹೊತ್ತು ಈ ಲೆಕ್ಕ ನನಗೆ ನೆನಪಾಗುವುದಿಲ್ಲ. ಸ್ಯಾಂಕಿ ಕೆರೆಯ ಸುತ್ತ ನಡೆದು, ಎಂಟನೇ ಕ್ರಾಸಿನವರೆಗೂ ಸಾಗಿ, ಆಗತಾನೆ ರಾಶಿ ಸುರಿದ ಸೇವಂತಿಗೆಯಲ್ಲಿ ಅರ್ಧ ಮೊಳಕ್ಕೂ ಚೌಕಾಸಿ ಮಾಡಿ, ಸೊಪ್ಪಿನ ಕಟ್ಟು ಹಿಡಿದು ಮರಳುವಷ್ಟರಲ್ಲಿ ಕಾಫಿ ಡಿಕಾಕ್ಷನ್ ಇಳಿದಿರುತ್ತದೆ. ಕಚೇರಿಗೆ ಸಂಪಿಗೆ ರಸ್ತೆಯ ಮೆಟ್ರೊ ಇರುವುದರಿಂದ ಸ್ಕೂಟರನ್ನು ಮಾರಿಬಿಟ್ಟೆ. ಪೆಟ್ರೋಲು, ವಿಮೆ, ಸರ್ವಿಸ್ಸುಗಳಲ್ಲಿ ಉಳಿದದ್ದು ಆ ಕಾಣದ ಬಾಡಿಗೆಯನ್ನು ಹೆಚ್ಚುಕಡಿಮೆ ಸರಿದೂಗಿಸುತ್ತದೆ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುವುದರಿಂದ, ಮಿತವಾಗಿ ಬಳಸುವ ನಮ್ಮ ಮನೆಗೆ ವಿದ್ಯುತ್ ಬಿಲ್ಲು ಸೊನ್ನೆ ಬರುತ್ತಿದೆ.

ನಡೆದಾಡುವ ಅಭ್ಯಾಸವಿಲ್ಲದ, ಕಾರು ನಿಲ್ಲಿಸಲು ಜಾಗ ಬೇಕೆನ್ನುವ ಕುಟುಂಬಕ್ಕೆ ಈ ಬಡಾವಣೆಯ ಹಳೆಯ ಕಟ್ಟಡಗಳನ್ನು ನಾನು ಶಿಫಾರಸು ಮಾಡಲಾರೆ. ನಾನಂತೂ ಈ ಸಲವೂ ಕರಾರು ನವೀಕರಿಸುತ್ತೇನೆ. ಆದರೆ ಸಹಿ ಹಾಕುವ ಮುನ್ನ ಬಣ್ಣದ ಷರತ್ತಿನ ಬಳಿ ‘ವಾಸ್ತವಿಕ ಖರ್ಚಿನಷ್ಟು ಮಾತ್ರ’ ಎಂದು ಸೇರಿಸುವಂತೆ ಮಾಲೀಕರನ್ನು ಕೇಳಲಿದ್ದೇನೆ.