ಮಗಳ ಶ್ವಾಸನಾಳದಿಂದ ಕಡಲೆಬೀಜ ತೆಗೆಸಿದ ಆಸ್ಪತ್ರೆ: ನಮ್ಮ ಅನುಭವ

ಎರಡೂವರೆ ವರ್ಷದ ನಮ್ಮ ಮಗಳ ಬಲ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಕಡಲೆಬೀಜವನ್ನು ಹೊರತೆಗೆದ ಆಸ್ಪತ್ರೆಯೊಂದರ ಕಿವಿ, ಮೂಗು, ಗಂಟಲು ವಿಭಾಗದ ಸೇವೆಯ ಕುರಿತು ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಬೇರೊಂದು ಕಡೆ ಆರು ದಿನ ಕೆಮ್ಮಿನ ಔಷಧಿ ಕುಡಿಸಿದ್ದೆವು. ಬೀಜ ತಿನ್ನುತ್ತಾ ಓಡುತ್ತಿದ್ದ ಮಗುವಿಗೆ ನೆತ್ತಿಗೆ ಹತ್ತಿ, ಮುಖ ಕೆಂಪಾಗುವಷ್ಟು ಕೆಮ್ಮಿ, ಆಮೇಲೆ ತಾನಾಗಿಯೇ ಸುಮ್ಮನಾದದ್ದನ್ನು ನಾವು ಹೇಳಿದರೂ, ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲವೆಂದು ಅಲ್ಲಿ ಅದನ್ನು ಉಬ್ಬಸವೆಂದೇ ತಿಳಿದರು.

ಈ ವಿಭಾಗದ ವೈದ್ಯೆ ಮೊದಲು ಕೇಳಿದ್ದು, ಕೆಮ್ಮು ಶುರುವಾದ ಗಳಿಗೆಯಲ್ಲಿ ಮಗು ಏನು ಮಾಡುತ್ತಿತ್ತು ಎಂಬುದನ್ನು. ನನ್ನ ದೃಷ್ಟಿಯಲ್ಲಿ ಅವರ ಸೇವೆಯ ಅತಿ ದೊಡ್ಡ ಗುಣ ಇದೇ. ಕಡಲೆಬೀಜದಂಥ ವಸ್ತು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದ್ದರಿಂದ ಚಿತ್ರ ಸರಿಯಿದೆ ಎಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದಾಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಸ್ಟೆತಸ್ಕೋಪ್ ಇಟ್ಟು ಎರಡೂ ಕಡೆ ಬಹಳ ಹೊತ್ತು ಆಲಿಸಿ, ಬಲಗಡೆ ಉಸಿರಿನ ಸದ್ದು ಕಡಿಮೆಯಿದೆ ಎಂದರು. ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲವಾಗಿಯೂ ನೆಟ್ಟಗೂ ಇರುವುದರಿಂದ ಜಾರಿದ ವಸ್ತು ಹೆಚ್ಚಾಗಿ ಅತ್ತ ಕಡೆಗೇ ಇಳಿಯುತ್ತದಂತೆ. ಬೀಜ ಒಳಗೇ ಉಳಿದರೆ ತೇವಕ್ಕೆ ಉಬ್ಬಿ, ಮೆತ್ತಗಾಗಿ, ಅದರ ಎಣ್ಣೆಯಂಶದಿಂದ ಸುತ್ತಲಿನ ಪೊರೆ ಊದಿಕೊಳ್ಳುತ್ತದೆ. ಹಿಡಿದು ತೆಗೆಯಲು ಹೋದರೆ ಪುಡಿಯಾಗಲೂಬಹುದು.

ಮಗು ಸ್ಥಿರವಾಗಿದ್ದುದರಿಂದ ಹೊಟ್ಟೆ ಖಾಲಿಯಾಗುವವರೆಗೆ ಕಾಯಿಸಿದರು. ಅಷ್ಟರಲ್ಲಿ ಗುಂಡಿ ಬ್ಯಾಟರಿ ನುಂಗಿದ ಇನ್ನೊಂದು ಮಗು ಬಂದಾಗ ನಮ್ಮನ್ನು ಹಿಂದಿಟ್ಟು ಅದನ್ನೇ ಮೊದಲು ಒಳಗೆ ಕರೆದೊಯ್ದರು. ಆ ಕ್ಷಣ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅನ್ನನಾಳದಲ್ಲಿ ನಿಂತ ಬ್ಯಾಟರಿಯ ವಿದ್ಯುತ್ತಿನಿಂದ ಕ್ಷಾರ ಉಂಟಾಗಿ ಎರಡೇ ಗಂಟೆಯಲ್ಲಿ ಗೋಡೆ ಗಂಭೀರವಾಗಿ ಸುಡಬಹುದು, ಅಲ್ಲಿ ಹೊಟ್ಟೆ ಖಾಲಿಯಾಗಲೆಂದು ಕಾಯುವಂತಿಲ್ಲ ಎಂದು ನರ್ಸ್ ಹೇಳಿದ ಮೇಲೆ, ಸರದಿಯನ್ನು ಅಪಾಯದ ತೂಕ ನೋಡಿ ಮಾಡುವ ಆಸ್ಪತ್ರೆಯಲ್ಲಿದ್ದೇವೆಂದು ಧೈರ್ಯವೇ ಬಂತು.

ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಗಟ್ಟಿ ಕೊಳವೆ ಇಳಿಸುವ ರಿಜಿಡ್ ಬ್ರಾಂಕೋಸ್ಕೋಪಿ ಮಾಡಿದರು. ಗಟ್ಟಿ ಕೊಳವೆ ಎಂದ ಕೂಡಲೇ ನಾವು ಬೆದರಿದ್ದೆವು. ಆ ಕೊಳವೆಯ ಮೂಲಕವೇ ಮಗುವಿಗೆ ಉಸಿರಾಟ ನಡೆಯುತ್ತಿರುತ್ತದೆ, ಅದರೊಳಗಿಂದಲೇ ದುರ್ಬೀನು ಮತ್ತು ಚಿಮಟ ಹಾಯಿಸುತ್ತೇವೆ ಎಂದು ಅರಿವಳಿಕೆ ತಜ್ಞರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯಾನ್ ಎಂಬ ವೈದ್ಯರು ರೈತನೊಬ್ಬನ ಶ್ವಾಸನಾಳದಿಂದ ಮೂಳೆಯ ಚೂರನ್ನು ತೆಗೆದ ದಿನದಿಂದ ಬೆಳೆದು ಬಂದ ವಿಧಾನವಿದು ಎಂದೂ ಹೇಳಿದರು.

ಮುಕ್ಕಾಲು ಗಂಟೆಯ ನಂತರ ವೈದ್ಯೆ ಹೊರಬಂದು ಪುಟ್ಟ ಸೀಸೆಯೊಂದನ್ನು ನನ್ನ ಕೈಗಿತ್ತರು. ಕಂದುಬಣ್ಣಕ್ಕೆ ತಿರುಗಿ ಉಬ್ಬಿದ ಅರ್ಧ ಬೀಜ, ಅದರ ಪಕ್ಕದಲ್ಲಿ ಸಿಪ್ಪೆಯ ಎಳೆ. ಚೂರೇನಾದರೂ ಉಳಿದಿದೆಯೇ ಎಂದು ಎರಡೂ ಕಡೆ ಮತ್ತೊಮ್ಮೆ ಇಣುಕಿ ನೋಡಿಯೇ ಕೊಳವೆ ತೆಗೆದೆವು ಎಂದರು.

ಕೊರತೆಗಳನ್ನೂ ಹೇಳಲೇಬೇಕು. ಒಳಗೆ ಕೆಲಸ ನಡೆಯುತ್ತಿದ್ದಷ್ಟು ಹೊತ್ತು ಒಬ್ಬರೂ ಹೊರಬಂದು ಒಂದು ಮಾತು ಹೇಳಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಅವಸರ ಮಾಡಿದರು. ಮಗುವಿಗೆ ಮತ್ತೆ ಉಸಿರು ಕಟ್ಟಿದರೆ ಬೆನ್ನಿಗೆ ಹೇಗೆ ತಟ್ಟಬೇಕು, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು ಎಂಬುದನ್ನೆಲ್ಲ ನಾವಾಗಿ ಕೇಳಿದ ಮೇಲೆಯೇ ತಿಳಿಸಿದರು. ಬಿಡುಗಡೆಯ ಚೀಟಿಯಲ್ಲೇ ಅದನ್ನು ಅಚ್ಚು ಹಾಕಿಸಿ ಕೊಡಬೇಕಿತ್ತು.

ವಾರದ ನಂತರದ ತಪಾಸಣೆಗೆ ಹೋದಾಗ ವೈದ್ಯೆ ಸ್ಟೆತಸ್ಕೋಪನ್ನು ನನ್ನ ಕಿವಿಗಿಟ್ಟು, ಮಗಳ ಎದೆಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಿಡಿದರು. ಎರಡೂ ಕಡೆ ಸದ್ದು ಒಂದೇ ಸಮನಾಗಿ ಕೇಳಿಸಿತು.